ಕಡೆಯ ಮೆಟ್ಟಿಲಲ್ಲಿ ಕೈ ಬಿಡಬೇಡಿ



"ಅಮ್ಮಾ, ಥೀಸಿಸ್ ಕೊಟ್ಟುಬಿಟ್ಟೆ" ಎಂದು ಮಗಳು ಫೋನಿನಲ್ಲಿ ಹೇಳಿದ ದಿನವೇ ನಾವು ಪಂಚಾಂಗ ತೆಗೆಯುತ್ತೇವೆ. ಸದ್ಯ, ಓದು ಮುಗೀತು, ಇನ್ನು ಛತ್ರ ಗೊತ್ತುಮಾಡಬಹುದು ಅಂತ ಸಮಾಧಾನದ ಉಸಿರು ಬಿಡುತ್ತೇವೆ. ಸ್ವಲ್ಪ ತಾಳಿ. ಓದು ಮುಗಿದಿಲ್ಲ!

ಹೈಸ್ಕೂಲಿಗೇ ಓದು ನಿಲ್ಲಿಸಿದ ಇವಳಿಗೇಕೆ ಪಿಎಚ್.ಡಿ. ಮಾತು ಅಂತೀರಾ? ಬೆಳಗಿನ ಗಾಡಿಗೆ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಗಳಲ್ಲಿ ಹತ್ತಿ ಬೆಂಗಳೂರಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಕೆಲಸಕ್ಕೆ ಹೋಗುವವರ ನಡುವೆ ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂದು ಸಂಶೋಧನೆಗೆ ಹೋಗುವವರೂ ಇದ್ದಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯ ಮನೆಗಳಿಗೆ ಮಕ್ಕಳ ಓದೇ ಚಿನ್ನ. ಆ ಚಿನ್ನ ಕೈಗೆ ಬರುವ ಹೊತ್ತಿನಲ್ಲಿ ಜಾರಬಾರದು, ಅದಕ್ಕೇ ಈ ಮಾತು.

ಥೀಸಿಸ್ ಒಪ್ಪಿಸಿದ ಮೇಲೆ ಆಗುವುದೇನು? ಅದು ಹೊರಗಿನ ಪರೀಕ್ಷಕರ ಬಳಿ ಹೋಗುತ್ತದೆ. ಕಡಿಮೆಯೆಂದರೆ ಇಬ್ಬರು ವಿದ್ವಾಂಸರು. ಸಾಧ್ಯವಾದರೆ ಒಬ್ಬರು ಪರದೇಶದವರು. ಅವರು ಪೂರ್ತಿ ಓದಿ ಅಭಿಪ್ರಾಯ ಬರೆದು ಕಳಿಸಬೇಕು. ಇಲ್ಲಿ ತಿದ್ದು, ಅಲ್ಲಿ ಇನ್ನೊಂದು ಲೆಕ್ಕ ಸೇರಿಸು ಎಂದರೆ ಸೇರಿಸಬೇಕು. ಅವರು ಒಪ್ಪಿದ ಮೇಲೆ ಕಡೆಯದಾಗಿ ಮೌಖಿಕ ಪರೀಕ್ಷೆ. ವೈವಾ ಎನ್ನಿ, ಥೀಸಿಸ್ ಡಿಫೆನ್ಸ್ ಎನ್ನಿ, ಎರಡೂ ಒಂದೇ. ಎಲ್ಲರೆದುರು ನಿಂತು ತನ್ನ ಕೆಲಸವನ್ನು ತಾನೇ ಸಮರ್ಥಿಸಿಕೊಳ್ಳುವುದು.

ಇದನ್ನು ಕೇಳಿದಾಗ ನನಗೆ ಹೆಣ್ಣು ನೋಡುವ ಶಾಸ್ತ್ರವೇ ನೆನಪಾಯಿತು. ಇಲ್ಲೂ ನಾಲ್ಕು ಜನ ಹಿರಿಯರು, ಇಲ್ಲೂ ಪ್ರಶ್ನೆ, ಮುಗಿದ ಮೇಲೆ ಇಲ್ಲೂ ಕಾಫಿ ತಿಂಡಿ! ಆದರೆ ಅಲ್ಲಿ ಹುಡುಗಿ ತಲೆ ತಗ್ಗಿಸಿದರೆ ಚೆನ್ನ ಅಂತಾರೆ, ಇಲ್ಲಿ ತಲೆ ಎತ್ತಿ ಉತ್ತರ ಕೊಟ್ಟರೆ ಚೆನ್ನ ಅಂತಾರೆ.

ಏನು ಕೇಳುತ್ತಾರೆ? ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಅಷ್ಟು ದೂರದ ತಂತಿಯಲ್ಲಿ ಒಂದು ಪಾಲು ವಿದ್ಯುತ್ತು ಸುಮ್ಮನೆ ಶಾಖವಾಗಿ ಹೋಗಿಬಿಡುತ್ತದೆ. ವೋಲ್ಟೇಜ್ ಏರಿಸಿ ಕಳಿಸಿದರೆ ನಷ್ಟ ಕಡಿಮೆ. ಈಗಿನ ಹುಡುಗಿಯೊಬ್ಬಳು ಆ ನಷ್ಟವನ್ನು ಇನ್ನಷ್ಟು ತಗ್ಗಿಸುವ ದಾರಿ ಹುಡುಕಿದಳು ಎನ್ನಿ. ಪರೀಕ್ಷಕರು ಬಿಡುವುದಿಲ್ಲ. ಈ ಅಂಕಿ ಎಲ್ಲಿಂದ ಬಂತು? ಹಳೆಯ ವಿಧಾನಕ್ಕಿಂತ ಇದು ಹೇಗೆ ಮೇಲು? ಇದರಲ್ಲಿ ನಿನ್ನದೆಷ್ಟು, ಹಿಂದಿನವರದೆಷ್ಟು? ಎಲ್ಲಿ ಇದು ನಡೆಯುವುದಿಲ್ಲ? ಬಾಯಿಪಾಠ ಇಲ್ಲಿ ಉಪಯೋಗಕ್ಕೆ ಬಾರದು. ಮಾಡಿದವಳಿಗೆ ಮಾತ್ರ ಗೊತ್ತಿರುವ ಉತ್ತರಗಳಿವು.

ನಮ್ಮ ಪರಿಚಯದ ಮನೆಯೊಂದರ ಹುಡುಗಿಯ ಕಥೆ ಕೇಳಿ. ಥೀಸಿಸ್ ಕೊಟ್ಟ ಮುಂದಿನ ತಿಂಗಳೇ ಮದುವೆ. ಗಂಡನ ಊರು ದೂರ. ಪರೀಕ್ಷಕರ ಅಭಿಪ್ರಾಯ ಬಂದಾಗ ಅವಳು ಬಸುರಿ. ಒಂದು ಅಧ್ಯಾಯ ತಿದ್ದಿದ್ದರೆ ಸಾಕಿತ್ತು. "ಮಗು ಆಗಲಿ, ಆಮೇಲೆ ನೋಡೋಣ" ಅಂದರು ಹಿರಿಯರು. ಆ ಆಮೇಲೆ ಬರಲೇ ಇಲ್ಲ. ಐದು ವರ್ಷದ ದುಡಿಮೆ ಮದುವೆಯ ಬೆಳ್ಳಿ ತಟ್ಟೆಗಳ ಪಕ್ಕ ಬೀರುವಿನಲ್ಲಿ ಕೂತಿದೆ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ತಾಯೀ. ಇನ್ನೊಂದು ಮೆಟ್ಟಿಲಿದೆ ಅಂತ ಯಾರಿಗೂ ತಿಳಿದಿರಲಿಲ್ಲ, ಅಷ್ಟೆ.

ಹೆಣ್ಣು ಈ ಮೆಟ್ಟಿಲು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದ ಕನ್ನಡದ ಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಮ್ಮ ಕಡೆ ಇದನ್ನೇ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು. 1947ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲದಲ್ಲಿ ಮದುವೆಯಾಗದ ಹುಡುಗಿ ಒಬ್ಬಳೇ ಕಡಲು ದಾಟಿದಳೆಂದರೆ ನೆರೆಹೊರೆಯವರು ಏನೆಲ್ಲ ಅಂದಿರಬೇಕು! 1953ರಲ್ಲಿ ಡಾಕ್ಟರೇಟ್ ಮುಗಿಸಿ ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಪಾಠ ಹೇಳಿದರು, ಮುಂದೆ ವಿಭಾಗದ ಮುಖ್ಯಸ್ಥರೂ ಆದರು. ಅವರ ವಿಷಯ ಮೈಕ್ರೋವೇವ್ ಮತ್ತು ಆಂಟೆನಾ. ಈಗ ಅನ್ನ ಬಿಸಿಮಾಡುವ ಒಲೆಯಲ್ಲಿಯೂ ವಿಮಾನ ಪತ್ತೆಹಚ್ಚುವ ರೇಡಾರಿನಲ್ಲಿಯೂ ಕೆಲಸ ಮಾಡುವುದು ಅದೇ ಜಾತಿಯ ಅಲೆಗಳು. 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ 20 ಮಂದಿಯ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದ್ದರು. 2010ರಲ್ಲಿ ತೀರಿಕೊಂಡರು. ಒಬ್ಬಳು ದಾಟಿದ್ದರಿಂದ ಇನ್ನಿಪ್ಪತ್ತು ಜನಕ್ಕೆ ದಾರಿಯಾಯಿತು, ಅಲ್ಲವೇ?

ಈಗ ಮನೆಯವರು ತಿಳಿದಿರಬೇಕಾದ ಕೆಲವು ವಿಷಯಗಳು. ಯುಜಿಸಿಯ 2022ರ ನಿಯಮದಲ್ಲಿ ಹೆಂಗಸರಿಗೆ ಪಿಎಚ್.ಡಿ. ಅವಧಿಯಲ್ಲಿ ಹೆಚ್ಚಿನ ರಿಯಾಯಿತಿ ಇದೆ. ಎಲ್ಲ ವಿಸ್ತರಣೆ ಸೇರಿ 10 ವರ್ಷದವರೆಗೂ ಹೋಗಬಹುದು. ಹೆರಿಗೆ, ಮಗುವಿನ ಆರೈಕೆಗೆಂದು 240 ದಿನದವರೆಗೆ ರಜೆ ಉಂಟು. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ, ನಿಯಮದ ಪ್ರಕಾರ ಸಂಶೋಧನೆಯನ್ನು ಬೇರೆ ಸಂಸ್ಥೆಗೆ ಸಾಗಿಸಲೂ ಅವಕಾಶವಿದೆ. ಥೀಸಿಸ್ ಒಪ್ಪಿಸಿದ 6 ತಿಂಗಳೊಳಗೆ ವೈವಾ ಫಲಿತಾಂಶದವರೆಗೆ ಎಲ್ಲ ಮುಗಿಸಬೇಕೆಂದೂ ಹೇಳಿದೆ. ಆದ್ದರಿಂದ ಮುಹೂರ್ತ ಇಡುವ ಮುಂಚೆ "ವೈವಾ ಯಾವಾಗ?" ಅಂತ ಒಂದು ಮಾತು ಕೇಳಿ. ವರನ ಕಡೆಯವರಿಗೂ ಮೊದಲೇ ಹೇಳಿಬಿಡಿ. ಒಳ್ಳೆಯ ಮನೆಯಾದರೆ ಆರು ತಿಂಗಳು ಕಾಯುತ್ತಾರೆ.

ಮನೆಯಲ್ಲಿ ನಾವೇನು ಮಾಡಬಹುದು? ಆ ದಿನಗಳಲ್ಲಿ ಅವಳ ಮೇಲೆ ಶ್ರಾವಣದ ಮನೆ ಶುಚಿ, ನೆಂಟರ ಉಪಚಾರ ಹೇರಬೇಡಿ. ರಾತ್ರಿ ಅವರೆಕಾಯಿ ಸುಲಿಯುವಾಗ ಎದುರಿಗೆ ಕೂರಿಸಿಕೊಂಡು "ನೀನು ಮಾಡಿದ್ದೇನು, ನನಗೆ ತಿಳಿಯೋ ಹಾಗೆ ಹೇಳು" ಅನ್ನಿ. ಕಷ್ಟದ ವಿಷಯವನ್ನು ತಾಯಿಗೆ ಹೇಳಬಲ್ಲವಳು ಪರೀಕ್ಷಕರಿಗೆ ಹೆದರುವುದಿಲ್ಲ. ಅರ್ಥವಾಗದ ಕಡೆ ತಡೆದು ಕೇಳಿ, ಸಂಕೋಚ ಬೇಡ. ಆ ದಿನ ಬೆಳಿಗ್ಗೆ ಎಣ್ಣೆ ಪದಾರ್ಥ ಬೇಡ, ಹೊಟ್ಟೆಗೆ ಹಗುರವಾಗಿ ಎರಡು ಇಡ್ಲಿ ಸಾಕು. ಬಂಗಾರಪೇಟೆಯಿಂದ ಹೊರಡುವವರು ದಿನದ ಗಾಡಿಗಿಂತ ಒಂದು ಗಾಡಿ ಮುಂಚೆ ಹತ್ತಿರಿ. ಒಂದು ಮಾತು ತಡವರಿಸಿದರೆ ಪ್ರಪಂಚ ಮುಳುಗಲಿಲ್ಲ ಅಂತಲೂ ಹೇಳಿ ಕಳಿಸಿ.

ಮನೆಯವರು ಬಂದು ಕೂರಬಹುದೇ ಎಂದು ಅವಳ ಗೈಡನ್ನು ಕೇಳಿ ನೋಡಿ. ಬನ್ನಿ ಎಂದರೆ ತಪ್ಪದೆ ಹೋಗಿ, ಅವಳ ಅಪ್ಪನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅಲ್ಲಿ ಆಡುವ ಇಂಗ್ಲಿಷ್ ನಮಗೆ ತಿಳಿಯದಿದ್ದರೂ, ನಮ್ಮ ಹುಡುಗಿ ಉತ್ತರ ಕೊಡುತ್ತಿದ್ದಾಳೆ ಎಂಬುದು ಚೆನ್ನಾಗಿ ತಿಳಿಯುತ್ತದೆ.