ಲೆಕ್ಕಪತ್ರ ಎಲ್ಲ ಸದಸ್ಯರನ್ನೂ ತಲುಪಲಿ

ಪುಣೆಯ ಕನ್ನಡ ಸಂಘ-ಸಂಸ್ಥೆಗಳ ಮಹಾಸಭೆಯ ಸೂಚನೆ, ವಾರ್ಷಿಕ ವರದಿ, ಲೆಕ್ಕಪತ್ರಗಳು ಇಂದು ಕಂಪ್ಯೂಟರ್‌ನಲ್ಲಿ ಸಿದ್ಧವಾಗಿ ನೇರವಾಗಿ ಸದಸ್ಯರ ಮೊಬೈಲಿಗೆ ಬರುತ್ತಿವೆ. ಅಂಚೆ ಖರ್ಚು ಉಳಿಯಿತು, ಒಳ್ಳೆಯದೇ ಆಯಿತು. ಆದರೆ ದೃಷ್ಟಿಯಿಲ್ಲದ ಸದಸ್ಯರಿಗೆ ಅದನ್ನು ಓದಲು ಸಾಧ್ಯವೇ ಎಂದು ವಿಚಾರಿಸುವ ಪದಾಧಿಕಾರಿಗಳು ವಿರಳ.

ಅಂಧರು ಕಂಪ್ಯೂಟರ್ ಬಳಸುವುದು ಹೊಸದೇನಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ, ಮೌಸ್ ಮುಟ್ಟದೆ ಕೀಬೋರ್ಡ್‌ನಿಂದಲೇ ವರ್ಡ್, ಎಕ್ಸೆಲ್‌ಗಳಲ್ಲಿ ಕಚೇರಿ ಕೆಲಸ ಮಾಡುವವರಿದ್ದಾರೆ. 'ಜಾಸ್' ತಂತ್ರಾಂಶ ದುಬಾರಿ. ಆದರೆ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆಹ್ ಜತೆಗೂಡಿ ಬೆಳೆಸಿದ 'ಎನ್‌ವಿಡಿಎ' ಉಚಿತ. ಇವರಿಬ್ಬರೂ ಅಂಧರೇ. ಅದು ಕನ್ನಡವನ್ನೂ ಓದುತ್ತದೆ.

ತೊಡಕಿರುವುದು ಕಳುಹಿಸುವ ಕಡತದಲ್ಲಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಹೀಗಾಗಿ 'ಮಹಾಸಭೆ' ಎಂದು ಟೈಪ್ ಮಾಡಿದ್ದರೂ ಅಂಧರ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಯೂನಿಕೋಡ್‌ನಲ್ಲಿ ಈ ತೊಂದರೆಯಿಲ್ಲ. ಹಳೆಯ ಕಡತಗಳಿಗೆ ಪರಿವರ್ತಕಗಳೂ ಇವೆ. ಇನ್ನು, ಪತ್ರದ ಫೋಟೋ ತೆಗೆದು ಕಳುಹಿಸಿದರೆ ಅದು ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಸಾಧನಗಳಿದ್ದರೂ ಹೆಸರು, ದಿನಾಂಕ, ಮೊತ್ತಗಳು ತಪ್ಪುವುದುಂಟು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ ನೌಕರಿಯಲ್ಲಿ ಅಂಧರು ಹಾಗೂ ಮಂದದೃಷ್ಟಿಯವರಿಗೆ ಶೇ. 1 ಮೀಸಲಾತಿ ನೀಡಿದೆ. ಡಿಜಿಟಲ್ ಸೌಲಭ್ಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. ಆದರೆ ಕೈಗೆ ಬಂದ ಕಡತವೇ ಮೂಕವಾಗಿದ್ದರೆ ನೌಕರಿ ಸಿಕ್ಕಿಯೂ ಕೆಲಸ ಸಾಗದು.

ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಅಳವಡಿಸುವಲ್ಲಿ ದುಡಿದ ಸಿ-ಡ್ಯಾಕ್‌ನ ಕೇಂದ್ರ ಕಚೇರಿ ಪುಣೆಯಲ್ಲಿದೆ. ಶ್ರೀಲಿಪಿ ರೂಪುಗೊಂಡದ್ದೂ ಇದೇ ಊರಿನಲ್ಲಿ. ಇಂತಹ ನಗರದ ಕನ್ನಡ ಸಂಘಗಳು ಈ ವಿಷಯದಲ್ಲಿ ಹಿಂದೆ ಬೀಳುವುದು ಸಲ್ಲದು.

ಆಗಬೇಕಾದುದು ಇಷ್ಟೇ. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು, ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಅಕ್ಷರ ದಪ್ಪ ಮಾಡುವ ಬದಲು 'ಹೆಡಿಂಗ್' ಸ್ಟೈಲ್ ಬಳಸುವುದು, ಚಿತ್ರಗಳಿಗೆ ಒಂದು ಸಾಲಿನ ವಿವರಣೆ ಕೊಡುವುದು, ಎಕ್ಸೆಲ್‌ನಲ್ಲಿ ಚೌಕಗಳನ್ನು ಒಂದುಗೂಡಿಸದಿರುವುದು. ಆಮಂತ್ರಣದ ಚಿತ್ರದ ಕೆಳಗೆ ದಿನಾಂಕ, ವೇಳೆ, ಸ್ಥಳವನ್ನು ಅಕ್ಷರದಲ್ಲೂ ಬರೆದರೆ ಸಾಕು. ಇದಕ್ಕೆ ದಾನಿಗಳು ಬೇಕಿಲ್ಲ, ಕಟ್ಟಡ ಬೇಕಿಲ್ಲ.

ಚಂದಾ ಕಟ್ಟಿದ ಸದಸ್ಯನೊಬ್ಬ ಲೆಕ್ಕಪತ್ರವನ್ನು ತಾನೇ ಓದಲಾಗದೆ ಇನ್ನೊಬ್ಬರ ಮಾತು ನಂಬಿ ಕೈ ಎತ್ತಬೇಕಾದ ಸ್ಥಿತಿ ಯಾವ ಸಂಘಕ್ಕೂ ಶೋಭೆಯಲ್ಲ. ಮುಂದಿನ ಮಹಾಸಭೆಯ ಸೂಚನೆಯಿಂದಲೇ ಈ ಬದಲಾವಣೆ ಆರಂಭವಾಗಲಿ.