ಸಾಲ ತೀರಿತಂತೆ, ಸರಿ... ಸಂಬಳ?

ವಿಜಯ್ ಮಲ್ಯ ಈಗ ಒಳ್ಳೆಯವರಾಗಿಬಿಟ್ಟಿದ್ದಾರೆ, ಗೊತ್ತಾಯಿತಾ? 2016ರಲ್ಲಿ "ಒಂಬತ್ತು ಸಾವಿರ ಕೋಟಿ ನುಂಗಿ ಓಡಿಹೋದ ಕಳ್ಳ" ಅಂತ ಬೈಯುತ್ತಿದ್ದ ಎಷ್ಟೋ ಜನ ಈಗ "ಪಾಪ, ಸುಮ್ಮನೆ ಬಲಿಪಶು ಮಾಡಿದರು" ಅಂತ ರಾಗ ಬದಲಿಸಿದ್ದಾರೆ. 2025ರ ಜೂನಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಅದೇ ವಾರ ಮಲ್ಯ ಸಾಹೇಬರು ರಾಜ್ ಶಮಾನಿಯ ಪಾಡ್‌ಕಾಸ್ಟಿನಲ್ಲಿ ನಾಲ್ಕು ಗಂಟೆ ಕೂತು ತಮ್ಮ ಕಥೆ ಹೇಳಿಕೊಂಡರು. ಅಷ್ಟೇ... ನಮ್ಮ ಜನಕ್ಕೆ ಕಣ್ಣೀರೇ ಬಂತು!

ನನಗೆ ಹಳೇ ಬೈಗುಳವೂ ಬೇಡ, ಹೊಸ ಕಣ್ಣೀರೂ ಬೇಡ. ಕಿಂಗ್‌ಫಿಶರ್ ಏರ್‌ಲೈನ್ಸ್ ಮುಳುಗಿದ್ದಕ್ಕೆ ಯಾರು ಹೊಣೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಅಭಿಮಾನಿಗಳು ಹೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೇ ಮಾತು: "ಸಾಲ ಆಗಲೇ ತೀರಿದೆಯಲ್ಲ ಸ್ವಾಮಿ!" ಇದರಲ್ಲಿ ಹುರುಳಿಲ್ಲದೆ ಇಲ್ಲ. 2017ರ ಜನವರಿಯಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿ ಹೇಳಿದ್ದು 6,203 ಕೋಟಿ ರೂಪಾಯಿ, ಜೊತೆಗೆ ಬಡ್ಡಿ. 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಹೇಳಿದ್ದು, ಮಲ್ಯ ಆಸ್ತಿಯಿಂದ 14,131.6 ಕೋಟಿ ಬ್ಯಾಂಕುಗಳಿಗೆ ಮರಳಿದೆ ಅಂತ. ಬಡ್ಡಿ ಎಲ್ಲಿಗೆ ನಿಂತಿತು, ಎಷ್ಟು ಹೆಚ್ಚು ಬಂತು ಅಂತ ಲೆಕ್ಕ ಕೇಳಿ ಮಲ್ಯ 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದರು. ಕೇಳಲಿ, ಅದು ಅವರ ಹಕ್ಕು. ಬ್ಯಾಂಕಿನವರು ಲೆಕ್ಕ ಕೊಡಲೇಬೇಕು.

ಆದರೆ ಕೊಟ್ಟದ್ದು ಬೇರೆ, ಕಿತ್ತುಕೊಂಡದ್ದು ಬೇರೆ. 2021ರಲ್ಲಿ ಜಪ್ತಿಯಾಗಿದ್ದ ಯುನೈಟೆಡ್ ಬ್ರೂವರೀಸ್ ಷೇರುಗಳನ್ನು ಮಾರಿದಾಗ ಒಂದೇ ಏಟಿಗೆ 5,800 ಕೋಟಿಗೂ ಹೆಚ್ಚು ಬಂತು. ಅಪ್ಪ ವಿಠಲ್ ಮಲ್ಯ ಬೆಳೆಸಿದ ಬಿಯರ್ ಕಂಪನಿಯ ಷೇರು, ಮಗ ಮುಳುಗಿಸಿದ ವಿಮಾನ ಕಂಪನಿಯ ಸಾಲ, ಮಾರಿಸಿದ್ದು ಕಾನೂನು. "ನಾನು ಕೊಡ್ತೀನಿ ಅಂದ್ರೂ ಬ್ಯಾಂಕು ಒಪ್ಪಲಿಲ್ಲ" ಅನ್ನುತ್ತಾರೆ. 2016ರ ಮಾರ್ಚ್ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ 4,000 ಕೋಟಿಯ ಪ್ರಸ್ತಾಪ ಇಟ್ಟದ್ದು ನಿಜ. ಆದರೆ ಅಷ್ಟರಲ್ಲಿ ಅವರು ದೇಶ ಬಿಟ್ಟಾಗಿತ್ತು! ಅದಕ್ಕೂ ಮೊದಲು ಡಿಯಾಜಿಯೋ ಕಂಪನಿಯಿಂದ ಬಂದ 4 ಕೋಟಿ ಡಾಲರನ್ನು ಮಕ್ಕಳ ಹೆಸರಿಗೆ ದಾಟಿಸಿದ್ದರು. ಕೋರ್ಟಿಗೆ ಅದನ್ನು ಮುಚ್ಚಿಟ್ಟದ್ದಕ್ಕೆ 2022ರ ಜುಲೈನಲ್ಲಿ ನ್ಯಾಯಾಂಗ ನಿಂದನೆ ಅಂತ ನಾಲ್ಕು ತಿಂಗಳ ಶಿಕ್ಷೆ ಆಯಿತು. ಕೊಡುವ ಮನಸ್ಸಿದ್ದವರು ಮಾಡುವ ಕೆಲಸವಾ ಇದು? ನೀವೇ ಹೇಳಿ.

ಎರಡನೇ ಮಾತು: "ತೈಲ ಬೆಲೆ ಏರಿತು, ಸರ್ಕಾರ ಕೈಕೊಟ್ಟಿತು." ಹೌದು, 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. ವಿದೇಶಿ ವಿಮಾನ ಕಂಪನಿಗಳ ಬಂಡವಾಳಕ್ಕೆ ಸರ್ಕಾರ ಬಾಗಿಲು ತೆರೆದದ್ದು 2012ರ ಸೆಪ್ಟೆಂಬರಿನಲ್ಲಿ, ಎಲ್ಲ ಮುಗಿಯುವ ಹೊತ್ತಿಗೆ. ಆದರೆ ಕಿಂಗ್‌ಫಿಶರ್ ಹಾರಿದ ಮರುವರ್ಷ, 2006ರಲ್ಲಿ, ಇಂಡಿಗೋ ಶುರುವಾಯಿತು. ಅದೇ ಆಕಾಶ, ಅದೇ ತೈಲ, ಅದೇ ಸರ್ಕಾರ. ಒಂದು ಬಗೆಯ ವಿಮಾನ, ಬಿಗಿ ಖರ್ಚು ಅಂತ ಅದು ಲಾಭಕ್ಕೆ ಬಂತು. ಕಿಂಗ್‌ಫಿಶರ್ ಒಂದೇ ಒಂದು ವರ್ಷವೂ ಲಾಭ ಕಾಣಲಿಲ್ಲ. ಐದು ವರ್ಷ ತುಂಬುವ ಮೊದಲೇ ವಿದೇಶಕ್ಕೆ ಹಾರುವ ಆಸೆಗೆ ಕ್ಯಾಪ್ಟನ್ ಗೋಪಿನಾಥರ ನಷ್ಟದಲ್ಲಿದ್ದ ಏರ್ ಡೆಕ್ಕನ್ ಅನ್ನು ಮೈಮೇಲೆ ಎಳೆದುಕೊಂಡದ್ದು ಯಾರು? ಸರ್ಕಾರವಂತೂ ಅಲ್ಲ.

ಮೂರನೇ ಮಾತು: "ಬ್ಯಾಂಕಿನವರು ಕಣ್ಣು ಮುಚ್ಚಿಕೊಂಡು ಕೊಟ್ಟರು." ಇದನ್ನು ನಾನೂ ಒಪ್ಪುತ್ತೇನೆ. 2011ರಲ್ಲಿ ಪೇಟೆಯಲ್ಲಿ ಸುಮಾರು 40 ರೂಪಾಯಿಗೆ ಸಿಗುತ್ತಿದ್ದ ಷೇರನ್ನು 64.48 ರೂಪಾಯಿ ಲೆಕ್ಕದಲ್ಲಿ ಸಾಲಕ್ಕೆ ಬದಲು ತೆಗೆದುಕೊಂಡ ಜಾಣರು ಇವರು. ಕಿಂಗ್‌ಫಿಶರ್ ಅನ್ನುವ ಹೆಸರನ್ನೇ ಅಡವು ಹಿಡಿದರು. 2016ರಲ್ಲಿ ಅದನ್ನು ಹರಾಜಿಗಿಟ್ಟರೆ ಕೊಳ್ಳಲು ಒಬ್ಬನೂ ಬರಲಿಲ್ಲ :-) ರೈತನ ಬೆಳೆ ಸಾಲಕ್ಕೆ ಹತ್ತು ಸಲ ಓಡಾಡಿಸುವ ಬ್ಯಾಂಕುಗಳೇ ಇವು! ಆದರೆ ಕೊಟ್ಟವನು ದಡ್ಡ ಅಂದಮಾತ್ರಕ್ಕೆ ತೆಗೆದುಕೊಂಡವನ ಹೊಣೆ ಹೋಗುತ್ತದೆಯೇ?

ಈಗ ನನ್ನ ಮಾತಿಗೆ ಬರುತ್ತೇನೆ. ಬೈಯುವವರೂ ಹೊಗಳುವವರೂ ಮಾತಾಡುವುದೆಲ್ಲ ಬ್ಯಾಂಕಿನ ದುಡ್ಡಿನ ಬಗ್ಗೆಯೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಆ ಕೂಸು ಕಿಂಗ್‌ಫಿಶರ್ ನೌಕರರು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದೆ ಇಂಜಿನಿಯರುಗಳು ಕೆಲಸ ನಿಲ್ಲಿಸಿದರು, ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಂಟಿದವು. ಸಂಬಳದಲ್ಲಿ ಹಿಡಿದ ಟಿಡಿಎಸ್ ಹಣವೂ ಸರಿಯಾಗಿ ತೆರಿಗೆ ಇಲಾಖೆಗೆ ಕಟ್ಟಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಮಲ್ಯ ತಮ್ಮ ಹುಟ್ಟುಹಬ್ಬಕ್ಕೆ ತಿರುಪತಿ ತಿಮ್ಮಪ್ಪನಿಗೆ ಮೂರು ಕೆಜಿ ಬಂಗಾರ ಒಪ್ಪಿಸಿದರು. 2015ರಲ್ಲಿ 60 ತುಂಬಿದಾಗ ಗೋವಾದಲ್ಲಿ ಎನ್ರಿಕೆ ಇಗ್ಲೇಸಿಯಸ್ ಬಂದು ಹಾಡಿದ. ಮೂರು ಕೆಜಿ ಬಂಗಾರದಿಂದ ಎಲ್ಲರ ಸಂಬಳ ಆಗುತ್ತಿರಲಿಲ್ಲ, ಗೊತ್ತು. ಆದರೆ ಕೈಲಿದ್ದದ್ದು ಮೊದಲು ಯಾರಿಗೆ ಹೋಯಿತು ಅನ್ನುವುದರಲ್ಲೇ ಮನುಷ್ಯ ಗೊತ್ತಾಗುತ್ತಾನೆ.

ಬ್ಯಾಂಕುಗಳಿಗಾದರೋ ಮಲ್ಯ ವೈಯಕ್ತಿಕ ಗ್ಯಾರಂಟಿ ಬರೆದುಕೊಟ್ಟಿದ್ದರು. ನೌಕರನಿಗೆ ಯಾರು ಗ್ಯಾರಂಟಿ? ಅವನ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿಯನ್ನು ಲಿಕ್ವಿಡೇಟರ್ ಕೈಗೆ ದಾಟಿಸುವ ಆದೇಶ ಆದದ್ದು 2025ರ ಡಿಸೆಂಬರಿನಲ್ಲಿ. ಹದಿಮೂರು ವರ್ಷ! 14,131 ಕೋಟಿಯ ಪಕ್ಕ ಈ 312 ಕೋಟಿ ಇಟ್ಟು ನೋಡಿ, ನೂರಕ್ಕೆ ಎರಡು ರೂಪಾಯಿ ಚಿಲ್ಲರೆ. ಅಷ್ಟು ಸಣ್ಣ ಬಾಕಿಯನ್ನು ಧಣಿಯೂ ಮೊದಲು ತೀರಿಸಲಿಲ್ಲ, ಆಸ್ತಿ ಮಾರಿಕೊಂಡ ಬ್ಯಾಂಕುಗಳೂ ಮೊದಲು ಬಿಟ್ಟುಕೊಡಲಿಲ್ಲ. ಪಾಡ್‌ಕಾಸ್ಟಿನಲ್ಲಿ ಮಲ್ಯ ನೌಕರರ ಕ್ಷಮೆ ಕೇಳಿದರು, ಸರಿ. ಆದರೆ ಹದಿಮೂರು ವರ್ಷದ ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು ಕ್ಷಮೆಯಿಂದ ಕಟ್ಟಲಾಗುವುದಿಲ್ಲ.

ವ್ಯಾಪಾರ ಮುಳುಗುವುದು ಅಪರಾಧವಲ್ಲ. ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು, ಗೋ ಫಸ್ಟ್ 2023ರಲ್ಲಿ ನಿಂತಿತು. ಆದರೆ ಹಡಗು ಮುಳುಗುವಾಗ ಕಲಾಸಿಗಳನ್ನು ಬಿಟ್ಟು ತಾನು ದೋಣಿ ಹತ್ತಿದ ನಾಯಕನಿಗೆ "ಹಡಗಿನ ಸಾಲ ತೀರಿತು" ಅಂತ ಹಾರ ಹಾಕುವುದು ಯಾವ ನ್ಯಾಯ? ಇದೇ ಮನುಷ್ಯನನ್ನು 2002ರಲ್ಲಿ, 2010ರಲ್ಲಿ ನಮ್ಮ ಶಾಸಕರು ಪಕ್ಷಭೇದವಿಲ್ಲದೆ ರಾಜ್ಯಸಭೆಗೆ ಕಳಿಸಿದ್ದರು. ಅವರಲ್ಲಿ ಒಬ್ಬರಾದರೂ ನೌಕರರ ಸಂಬಳದ ಬಗ್ಗೆ ಗಟ್ಟಿಯಾಗಿ ಬಾಯಿಬಿಟ್ಟದ್ದು ನಿಮಗೆ ನೆನಪಿದೆಯೇ? ನನಗಂತೂ ಇಲ್ಲ.

ಕಪ್ ನಮ್ಮದಾಯಿತು, ಸಂತೋಷ. ಆದರೆ ಆ ಖುಷಿಯಲ್ಲಿ ಸಂಬಳದ ಬಾಕಿ ಮನ್ನಾ ಮಾಡುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ದುಡಿದು ಕೈಖಾಲಿ ಮಾಡಿಕೊಂಡವರು ಮನ್ನಾ ಮಾಡಿದರೆ ಮಾಡಲಿ. ಏನಂತೀರಿ?