ಕಾರಿನಲ್ಲಿ ಮಡಿಲು ಸಾಲದು
ನವಜಾತ ಶಿಶುವಿನ ಸುರಕ್ಷತಾ ಆಸನ ಮತ್ತು ತಾಲೂಕು ವರ್ತಕರ ಹೊಣೆ

ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆಯು ತವರುಮನೆಯ ಹೊಣೆ. ಕುಬಸ ಮಾಡಿ ಮಗಳನ್ನು ಕರೆತರುವುದರಿಂದ ಮೊದಲುಗೊಂಡು, ಬಾಣಂತನ ಮುಗಿಸಿ ತೊಟ್ಟಿಲಿನೊಂದಿಗೆ ತಾಯಿ-ಮಗುವನ್ನು ಗಂಡನ ಮನೆಗೆ ಕಳುಹಿಸುವವರೆಗೆ ಪ್ರತಿಯೊಂದಕ್ಕೂ ಪದ್ಧತಿಯುಂಟು, ಸಾಮಾನಿನ ಪಟ್ಟಿಯುಂಟು. ಅನುಕೂಲವುಳ್ಳವರು ಕಲಘಟಗಿಯ ಬಣ್ಣದ ತೊಟ್ಟಿಲನ್ನೇ ಮಾಡಿಸುತ್ತಾರೆ. ಅದರ ಕೀಲು, ಗೂಟ, ಸರಪಳಿಗಳನ್ನು ಹಿರಿಯರು ಎಳೆದು ನೋಡಿದ ಬಳಿಕವೇ ಮಗುವನ್ನು ಅದರಲ್ಲಿ ಮಲಗಿಸುತ್ತಾರೆ. ಆದರೆ ಅದೇ ಮಗುವನ್ನು ಹಾವೇರಿಯ ಅಥವಾ ಹುಬ್ಬಳ್ಳಿಯ ಆಸ್ಪತ್ರೆಯಿಂದ ಊರಿಗೆ ಕರೆತರುವಾಗ ಯಾವ ಪರೀಕ್ಷೆಯೂ ಇಲ್ಲ. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಅಜ್ಜಿಯ ಮಡಿಲೇ ಅದರ ಆಸನವಾಗುತ್ತದೆ. ಅಲುಗಾಡದ ನೆಲದ ಮೇಲಿನ ತೊಟ್ಟಿಲಿಗೆ ಇಷ್ಟು ಎಚ್ಚರಿಕೆ, ಓಡುವ ವಾಹನದಲ್ಲಿ ಏನೂ ಇಲ್ಲ ಎಂಬುದು ವಿಚಾರಾರ್ಹ ಸಂಗತಿ.

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಈ ನಾಲ್ಕು ತಾಲೂಕು ಕೇಂದ್ರಗಳ ಪೈಕಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿರುವುದು ಶಿಗ್ಗಾವಿ ಮಾತ್ರ. ಆದರೂ ದೊಡ್ಡ ಆಸ್ಪತ್ರೆಗೆ ಹೋಗಿಬರುವ ಬಹುಪಾಲು ಕುಟುಂಬಗಳು ಎಲ್ಲಿಯಾದರೂ ಒಂದೆಡೆ ಆ ಹೆದ್ದಾರಿಯನ್ನು ಏರಲೇಬೇಕು ಇಲ್ಲವೇ ದಾಟಲೇಬೇಕು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತ ಲಾರಿಗೆ ವಾಹನವೊಂದು ಡಿಕ್ಕಿ ಹೊಡೆದು 13 ಜನರು ಅಸುನೀಗಿದ್ದನ್ನು ಜಿಲ್ಲೆ ಮರೆತಿಲ್ಲ. ಅಂತಹ ಭೀಕರ ಅಪಘಾತದಲ್ಲಿ ಯಾವ ಆಸನವೂ ಉಪಯೋಗಕ್ಕೆ ಬಂದೀತೆಂದು ಹೇಳಲಾಗದು. ಆದರೆ ಎಲ್ಲ ಅಪಘಾತಗಳೂ ಅಷ್ಟು ಭೀಕರವಾಗಿರುವುದಿಲ್ಲ. ದೊಡ್ಡವರು ತರಚಿದ ಗಾಯಗಳೊಂದಿಗೆ ಪಾರಾಗುವ ಡಿಕ್ಕಿಯಲ್ಲಿಯೂ ಮಡಿಲಿನ ಕೂಸು ಉಳಿಯದೆ ಹೋಗಬಹುದು. ಈ ಲೇಖನದ ಕಾಳಜಿ ಅಂತಹ ಅಪಘಾತಗಳ ಕುರಿತಾದದ್ದು.

ತೂಕದ ಲೆಕ್ಕ

ವರ್ತಕರಿಗೆ ತೂಕದ ಲೆಕ್ಕ ಹೊಸದಲ್ಲ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸರಾಸರಿ 14 ಪಟ್ಟು ಬಲದಿಂದ ಮುಂದಕ್ಕೆ ಸೆಳೆಯಲ್ಪಡುತ್ತದೆ. 3 ಕಿಲೋ ತೂಕದ ಶಿಶು ಆ ಕ್ಷಣದಲ್ಲಿ 40 ಕಿಲೋಗೂ ಮಿಕ್ಕಿದ ಮೂಟೆಯಂತಾಗುತ್ತದೆ. ಮುನ್ಸೂಚನೆಯಿಲ್ಲದೆ, ಕಣ್ಣು ಮಿಟುಕಿಸುವುದರೊಳಗೆ ಜಗ್ಗುವ ಆ ಮೂಟೆಯನ್ನು ಹಿಡಿದಿಡಲು ಹಮಾಲನ ತೋಳಿಗೂ ಸಾಧ್ಯವಿಲ್ಲ. ಬಾಣಂತಿಯ ಅಥವಾ ಅಜ್ಜಿಯ ತೋಳಿನ ಮಾತು ದೂರವೇ ಉಳಿಯಿತು. ಇದೇ ವೇಗದ ಡಿಕ್ಕಿಯು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಕಟ್ಟಡದ ಮೇಲಿನಿಂದ ಬಿದ್ದುದಕ್ಕೆ ಸಮ. ಮಗುವನ್ನು ಹಿಡಿದವರು ಬೆಲ್ಟ್ ಧರಿಸಿರದಿದ್ದರೆ ಅವರ ಮೈಭಾರವೂ ಕೂಸಿನ ಮೇಲೆಯೇ ಬೀಳುತ್ತದೆ.

ಈ ತಪ್ಪನ್ನು ಮುಂದುವರಿದ ದೇಶಗಳೂ ಮಾಡಿ ತಿದ್ದಿಕೊಂಡಿವೆ. ಅಮೆರಿಕದ ಟೆನೆಸ್ಸಿ ರಾಜ್ಯವು ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿದ ಆ ದೇಶದ ಮೊದಲ ಕಾನೂನನ್ನು 1978ರಲ್ಲಿ ಜಾರಿಗೊಳಿಸಿತು. ಅದಕ್ಕೆ ಕಾರಣರಾದವರು ಮರ್ಫ್ರೀಸ್‌ಬರೊ ಪಟ್ಟಣದ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್. ಆದರೆ ದೊಡ್ಡವರು ಮಗುವನ್ನು ತೋಳಿನಲ್ಲಿ ಎತ್ತಿಕೊಂಡಿದ್ದರೆ ಸಾಕು ಎಂಬ ವಿನಾಯಿತಿಯೂ ಅದರಲ್ಲಿ ಸೇರಿತ್ತು. ಅದು ರಕ್ಷಣೆಯಲ್ಲ, ಮಗುವನ್ನು ಜಜ್ಜುವ ವಿನಾಯಿತಿ ಎಂದು ಟೀಕೆಗೆ ಗುರಿಯಾಗಿ 1981ರಲ್ಲಿ ರದ್ದಾಯಿತು. ಸರಿಯಾಗಿ ಅಳವಡಿಸಿದ ಆಸನವು ಕಾರು ಅಪಘಾತಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಸಂಭವವನ್ನು ಶೇ. 71ರಷ್ಟು ತಗ್ಗಿಸುತ್ತದೆ ಎಂಬುದು ಆ ದೇಶದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು.

ಭಾರತದಲ್ಲಿಯೂ ಕಾನೂನು ಮೌನವಾಗಿಲ್ಲ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಸುರಕ್ಷತಾ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷತಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಚಲಾಯಿಸುವುದು ದಂಡಾರ್ಹ. ನವಜಾತ ಶಿಶುವಿಗೆ ದೊಡ್ಡವರ ಬೆಲ್ಟ್ ಕಟ್ಟಲು ಬಾರದು. ಆದ್ದರಿಂದ ಅದಕ್ಕೆ ಆಸನವೊಂದೇ ದಾರಿ. 2023ರ ಅಕ್ಟೋಬರ್ 1ರಂದು ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆ ಪ್ರತ್ಯೇಕ ಅಂಕಗಳಿವೆ. ಆದರೆ ಆ ಅಂಕಗಳು ಆಸನದಲ್ಲಿ ಕಟ್ಟಿ ಕೂರಿಸಿದ ಮಗುವಿನ ಬೊಂಬೆಗೆ ದೊರೆತವು. ಹೆಚ್ಚು ತಾರೆಗಳ ಕಾರನ್ನು ಕೊಂಡು ಮಗುವನ್ನು ಮಡಿಲಲ್ಲಿ ಕೂರಿಸುವವರಿಗೆ ಆ ತಾರೆಗಳಿಂದ ಪ್ರಯೋಜನವಿಲ್ಲ.

ಆಯ್ಕೆ ಹೇಗೆ?

ಆಸನದ ಆಯ್ಕೆಯಲ್ಲಿ ಬಣ್ಣ, ಮೆತ್ತೆ, ಕಂಪನಿಯ ಹೆಸರುಗಳಿಗಿಂತ ಮೊದಲು ನೋಡಬೇಕಾದುದು ಪರೀಕ್ಷೆಯ ಮುದ್ರೆ. ಚಿನ್ನಕ್ಕೆ ಹಾಲ್‌ಮಾರ್ಕ್, ಹೆಲ್ಮೆಟ್ಟಿಗೆ ಐಎಸ್ಐ ಇದ್ದಂತೆ ಇದಕ್ಕೂ ಗುರುತುಗಳುಂಟು. ಭಾರತೀಯ ಮಾನದಂಡವು ಎಐಎಸ್ 072. ವಿಶ್ವಸಂಸ್ಥೆಯ ಯುರೋಪ್ ಆಯೋಗದ ನಿಯಮಗಳು ಆರ್ 44 ಮತ್ತು ಅದಕ್ಕಿಂತ ಹೊಸದಾದ ಆರ್ 129. ಯುರೋಪಿನ ನಿಯಮಗಳಿಗೆ ಒಳಪಟ್ಟ ಆಸನಕ್ಕೆ ವೃತ್ತದೊಳಗೆ ‘ಇ’ ಅಕ್ಷರವುಳ್ಳ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತದೆ. ಮಾರುಕಟ್ಟೆಯಲ್ಲಿ ಆಸನದಂತೆಯೇ ಕಾಣುವ, ಹಿಡಿಕೆಯುಳ್ಳ ತೂಗುಬುಟ್ಟಿಗಳೂ ಇವೆ. ಮುದ್ರೆಯಿಲ್ಲದ ಬುಟ್ಟಿ ಮನೆಯಲ್ಲಿ ಮಗುವನ್ನು ತೂಗಲು ಸರಿ, ಕಾರಿಗೆ ಸಲ್ಲದು.

ಎರಡನೆಯದು ತೂಕ ಮತ್ತು ದಿಕ್ಕು. ಆರ್ 44 ಪದ್ಧತಿಯಲ್ಲಿ ‘0+’ ಎಂಬ ವರ್ಗವು ಹುಟ್ಟಿನಿಂದ 13 ಕಿಲೋವರೆಗಿನ ಮಕ್ಕಳಿಗಾಗಿ ಇದೆ. 9 ಕಿಲೋದಿಂದ ಆರಂಭವಾಗುವ ಆಸನವು ಎಷ್ಟೇ ಬೆಲೆಬಾಳಲಿ, ನವಜಾತ ಶಿಶುವಿಗೆ ಹೊಂದದು. ಹುಟ್ಟಿದ ಮಗುವಿನ ತಲೆಯು ಅದರ ದೇಹದ ಉದ್ದದ ಕಾಲುಭಾಗದಷ್ಟಿರುತ್ತದೆ, ಕತ್ತು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಮಗುವಿನ ಮುಖ ಕಾರಿನ ಹಿಂಬದಿಯ ಗಾಜಿನತ್ತ ಇರುವಂತೆ ಆಸನವನ್ನು ಕೂರಿಸಬೇಕು. ಆಗ ಡಿಕ್ಕಿಯ ಹೊಡೆತವು ಕತ್ತಿನ ಮೇಲೆ ಬೀಳದೆ ಬೆನ್ನಿನುದ್ದಕ್ಕೂ ಹಂಚಿಹೋಗುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂತಹ ಆಸನವನ್ನು ರೂಪಿಸಿದಾಗ ಅವರಿಗೆ ಮಾದರಿಯಾದದ್ದು ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿ ಆಗಸಕ್ಕೇರುವ ರೀತಿ. ಆರ್ 129 ನಿಯಮವು ಕನಿಷ್ಠ 15 ತಿಂಗಳವರೆಗೆ ಈ ದಿಕ್ಕನ್ನೇ ಕಡ್ಡಾಯಗೊಳಿಸಿದೆ.

ಮೂರನೆಯದು ಸ್ಥಳ. ಇಂತಹ ಆಸನವನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ರಭಸದಿಂದ ಉಬ್ಬುವ ಚೀಲವು ಆಸನದ ಬೆನ್ನಿಗೇ ಬಡಿದು ಮಗುವಿಗೆ ಮಾರಕವಾಗುತ್ತದೆ. 2021ರಲ್ಲಿ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯವಾದ ನಂತರ ಈ ಎಚ್ಚರಿಕೆ ಇನ್ನಷ್ಟು ಮುಖ್ಯವಾಗಿದೆ. ಹಿಂದಿನ ಸೀಟೇ ಮಗುವಿನ ಸ್ಥಾನ. ಅದರ ಪಕ್ಕದಲ್ಲಿ ತಾಯಿಯೂ ಬೆಲ್ಟ್ ಧರಿಸಿ ಕುಳಿತುಕೊಳ್ಳಬೇಕು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ನಿಧನರಾದಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು ಎಂಬುದನ್ನು ವಾಣಿಜ್ಯ ವಲಯ ನೆನಪಿಡಬೇಕು.

ಬಳಕೆಯ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಪಟ್ಟಿಗಳು ಮಗುವಿನ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು. ಬೆರಳುಗಳಿಂದ ಚಿವುಟಿದರೆ ಪಟ್ಟಿ ಮಡಿಕೆಯಾಗಿ ಸಿಗದಷ್ಟು ಬಿಗಿಯಿರಬೇಕು. ಕುಲಾಯಿ ಇರಲಿ, ಆದರೆ ದಪ್ಪ ದುಪ್ಪಟಿಯಲ್ಲಿ ಸುತ್ತಿದ ಮಗುವಿಗೆ ಪಟ್ಟಿ ಕಟ್ಟಬಾರದು. ಚಳಿಯಿದ್ದರೆ ಪಟ್ಟಿ ಕಟ್ಟಿದ ಮೇಲೆ ಹೊದಿಸಬೇಕು. ಗದ್ದ ಎದೆಗೆ ತಾಗಿದರೆ ಉಸಿರಾಟಕ್ಕೆ ತೊಂದರೆಯಾಗುವುದರಿಂದ ಆಸನ ಹಿಂದಕ್ಕೆ ವಾಲಿರಬೇಕು. ಮೊದಲ ವಾರಗಳಲ್ಲಿ ಅರ್ಧ ಗಂಟೆಗೊಮ್ಮೆ ವಾಹನ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳುವುದು ಒಳಿತು. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಹೊರಡಬೇಕು.

ಅಂಗಡಿಯ ಪಾತ್ರ

ಇಷ್ಟೆಲ್ಲ ನಿಯಮಗಳಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೊಂಡ ಆಸನ ತಮ್ಮ ಕಾರಿಗೆ ಹೊಂದುವುದೇ? ಶಿಶುವಿನ ಆಸನದ ಹಿಂಭಾಗವನ್ನು ಸುತ್ತಿ ಬರಲು ಕೆಲವು ಕಾರುಗಳ ಬೆಲ್ಟಿನ ಉದ್ದ ಸಾಲುವುದಿಲ್ಲ. ಕೆಲವು ಹಳೆಯ ಕಾರುಗಳ ಹಿಂದಿನ ನಡುಸೀಟಿನಲ್ಲಿ ಸೊಂಟದ ಪಟ್ಟಿ ಮಾತ್ರವಿರುತ್ತದೆ. ಐಸೋಫಿಕ್ಸ್ ಕೊಂಡಿಗಳು ಹೊಸ ಕಾರುಗಳಲ್ಲಿ ಇವೆ, ಹಳೆಯವುಗಳಲ್ಲಿ ಇಲ್ಲ. ಬೆಲ್ಟ್ ಹಾಯಬೇಕಾದ ದಾರಿಯನ್ನು ತೋರಿಸುವ ನೀಲಿ ಗುರುತನ್ನು ಯಾರಾದರೂ ಒಮ್ಮೆ ತೋರಿಸಿಕೊಡಬೇಕು. ಅಂತರ್ಜಾಲದಲ್ಲಿ ತರಿಸಿದ ಪೆಟ್ಟಿಗೆಯು ಇದಾವುದನ್ನೂ ಮಾಡದು. ಪಾದರಕ್ಷೆಯನ್ನೇ ಕಾಲಿಗೆ ಹಾಕಿ ನೋಡಿ ಕೊಳ್ಳುವ ಜನ ಜೀವ ಕಾಯುವ ವಸ್ತುವನ್ನು ಚಿತ್ರ ನೋಡಿ ಕೊಳ್ಳಬೇಕಾಗಿ ಬಂದಿರುವುದು ಸ್ಥಳೀಯ ವ್ಯಾಪಾರದ ಕೊರತೆ. ಅದೇ ಸ್ಥಳೀಯ ವ್ಯಾಪಾರಕ್ಕೆ ಒಂದು ಅವಕಾಶವೂ ಹೌದು.

ಬೆಲೆ ಹೆಚ್ಚೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೆಲವು ಸಾವಿರ ರೂಪಾಯಿ ಕೊಟ್ಟು ತಂದ ಶಿಶುವಿನ ಆಸನ ಒಂದೂಕಾಲು ವರ್ಷದ ನಂತರ ಅಟ್ಟ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ನಾಲ್ಕು ತಾಲೂಕುಗಳ ಅನೇಕ ಕುಟುಂಬಗಳಿಗೆ ಸ್ವಂತ ಕಾರೇ ಇಲ್ಲ. ಆಸ್ಪತ್ರೆಯಿಂದ ಮನೆಗೆ, ಲಸಿಕೆಗೆ, ತವರಿನಿಂದ ಗಂಡನ ಮನೆಗೆ ಹೀಗೆ ಬೆರಳೆಣಿಕೆಯ ಪ್ರಯಾಣಗಳಷ್ಟೇ ಕಾರಿನಲ್ಲಿ ಆಗುತ್ತವೆ. ಇಂತಹವರಿಗೆ ಆಸನವನ್ನು ಕೊಳ್ಳಿರೆಂದು ಉಪದೇಶಿಸುವುದು ವ್ಯರ್ಥ. ಅವರಿಗೆ ಬೇಕಾದುದು ಬಾಡಿಗೆಯ ಆಸನ. ಮದುವೆಗೆ ಶಾಮಿಯಾನ, ಪಾತ್ರೆ, ಕುರ್ಚಿಗಳನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ ಪ್ರತಿ ಪಟ್ಟಣದಲ್ಲಿದೆ. ಅದೇ ಕ್ರಮದಲ್ಲಿ ಔಷಧ ಅಂಗಡಿ, ಮಕ್ಕಳ ಬಟ್ಟೆಯಂಗಡಿ ಅಥವಾ ಬಾಡಿಗೆ ಕಾರಿನ ಮಾಲೀಕರು ನಾಲ್ಕಾರು ಆಸನಗಳನ್ನು ಇಟ್ಟುಕೊಂಡರೆ ಒಂದೇ ಆಸನ ಹಲವು ಕೂಸುಗಳಿಗೆ ಆಗುತ್ತದೆ. ಆದರೆ ಒಂದು ಷರತ್ತು ಉಂಟು. ಪ್ರತಿ ಆಸನಕ್ಕೂ ಖಾತೆಯಿರಬೇಕು. ತಯಾರಾದ ವರ್ಷ, ಬಳಕೆಯ ಅವಧಿ, ಯಾರಿಗೆ ಯಾವಾಗ ಕೊಟ್ಟದ್ದು ಎಂಬುದನ್ನು ಬರೆದಿಡಬೇಕು. ಅಪಘಾತಕ್ಕೆ ಒಳಗಾದ ಆಸನವು ಹೊರಗೆ ಬಿರುಕು ಕಾಣದಿದ್ದರೂ ಮತ್ತೆ ಬಳಕೆಗೆ ಯೋಗ್ಯವಲ್ಲ. ಇತಿಹಾಸ ತಿಳಿಯದ ಹಳೆಯ ಆಸನವನ್ನು ಯಾರೂ ಕೊಳ್ಳಬಾರದು, ಮಾರಲೂಬಾರದು.

ಸಣ್ಣ ತಯಾರಕರಿಗೂ ಇಲ್ಲಿ ಕೆಲಸವಿದೆ, ಮಿತಿಯೂ ಇದೆ. ಸೀಟ್ ಕವರ್ ಹೊಲಿಯುವವರು ಹಿಂದಿನ ಸೀಟಿನ ಬೆಲ್ಟ್ ಮತ್ತು ಕೊಂಡಿಗಳನ್ನು ಬಟ್ಟೆಯಡಿ ಮುಚ್ಚಿಬಿಡುವುದು ಸಾಮಾನ್ಯ. ಅವುಗಳಿಗೆ ಸೀಳು ಬಿಟ್ಟು ಹೊಲಿದರೆ ಹೆಚ್ಚಿನ ಖರ್ಚಿಲ್ಲ. ಇದು ಎಲ್ಲಕ್ಕಿಂತ ಮೊದಲು ಆಗಬೇಕಾದ ತಿದ್ದುಪಡಿ. ದ್ವಿಚಕ್ರ ವಾಹನಗಳಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಕಟ್ಟುಪಟ್ಟಿ ಬೇಕೆಂದು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ಮಾಡಿದೆ. ಪಟ್ಟಿಯು ಹಗುರ, ಹೊಂದಿಸಬಲ್ಲ, ನೀರು ಹಿಡಿಯದ, ಬಾಳಿಕೆಯ ವಸ್ತುವಾಗಿರಬೇಕೆಂದೂ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದೂ ಅದು ಹೇಳುತ್ತದೆ. ಮಾನದಂಡವನ್ನು ಅರಿತು, ಪರೀಕ್ಷೆಗೆ ಒಳಪಡಿಸಿ ತಯಾರಿಸುವುದಾದರೆ ಹೊಲಿಗೆ ಘಟಕಗಳಿಗೆ ಇದೊಂದು ಯೋಗ್ಯ ಸರಕು. ಆದರೆ ನವಜಾತ ಶಿಶುವಿಗೆ ದ್ವಿಚಕ್ರ ವಾಹನ ತಕ್ಕುದಲ್ಲ. ಹಾಗೆಯೇ ಕಾರಿನ ಆಸನವನ್ನು ನೋಡಿ ಅನುಕರಿಸಿ ಹೊಲಿಯುವ ಸಾಹಸವೂ ಸಲ್ಲದು. ಡಿಕ್ಕಿಯ ಪರೀಕ್ಷೆಗೆ ಒಳಪಡದ ಆಸನ ಸುಳ್ಳು ಧೈರ್ಯವನ್ನಷ್ಟೇ ಮಾರುತ್ತದೆ.

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಿಂದ ತಾಯಿ-ಮಗುವನ್ನು ಉಚಿತವಾಗಿ ಮನೆಗೆ ತಲುಪಿಸುವ ವ್ಯವಸ್ಥೆಯಿದೆ. ಆ ವಾಹನಗಳಲ್ಲಿ ಶಿಶುವಿನ ಆಸನವಿರಬೇಕೆಂದು ವಾಣಿಜ್ಯ ಸಂಸ್ಥೆಗಳು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸುವುದು ಸೂಕ್ತ. ಬಾಡಿಗೆ ಕಾರಿನ ಸಂಘಗಳು ಪ್ರತಿ ನಿಲ್ದಾಣದಲ್ಲಿ ಒಂದೊಂದು ಆಸನವನ್ನು ಇಟ್ಟರೆ ಅದು ಇನ್ನೂ ಬೇಗ ಆಗುವ ಕೆಲಸ. ಮಗು ಅಳುತ್ತದೆ, ದೂರ ಸ್ವಲ್ಪವೇ, ಚಾಲಕ ನಿಧಾನವಾಗಿ ಓಡಿಸುತ್ತಾನೆ ಎಂಬ ಸಮಾಧಾನಗಳು ಎದುರಿನಿಂದ ಬರುವ ವಾಹನದ ವೇಗವನ್ನು ತಗ್ಗಿಸಲಾರವು.

ಪದ್ಧತಿಗಳು ಆಕಾಶದಿಂದ ಇಳಿದವುಗಳಲ್ಲ. ಒಂದು ಕಾಲದ ಅಗತ್ಯವನ್ನು ಅರಿತವರು ಅವುಗಳನ್ನು ಪಟ್ಟಿಗೆ ಸೇರಿಸಿದರು. ಕೂಸು ನೆಲದ ಮೇಲೆ ಮಲಗಬಾರದೆಂದು ತೊಟ್ಟಿಲು ಬಂದಿತು. ಕೂಸು ಕಾರಿನಲ್ಲಿ ಪ್ರಯಾಣಿಸುವ ಈ ಕಾಲದಲ್ಲಿ ಆಸನವೂ ಆ ಪಟ್ಟಿಗೆ ಸೇರಬೇಕು. ಸೇರಿಸುವ ಹೊಣೆ ತವರಿನದಾದರೆ, ಅದು ತಾಲೂಕಿನ ಪೇಟೆಯಲ್ಲಿಯೇ ಕೈಗೆ ಸಿಗುವಂತೆ, ಕಾರಿನಲ್ಲಿ ಕೂರಿಸಿ ತೋರಿಸುವಂತೆ ಮಾಡುವ ಹೊಣೆ ವರ್ತಕರದು.